ಹೊಗೆ, ಹೊಳೆ, ಕಾಡು: ಕಾರ್ಖಾನೆ ಕಾಲದ ಮೊದಲ ಪರಿಸರ ಚಿಂತನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಬಗ್ಗೆ ಎಲ್ಲಿ ಮಾತಾಡಿದರೂ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಕೆಲವನ್ನು ವಿದ್ಯಾರ್ಥಿಗಳು ಕೇಳುತ್ತಾರೆ, ಕೆಲವು ಪತ್ರದಲ್ಲಿ ಬರುತ್ತವೆ, ಕೆಲವನ್ನು ನೆಂಟರು ಊಟದ ಎಲೆ ಮುಂದೆ ಕೂತೇ ಎತ್ತುತ್ತಾರೆ. ಕೇಳಿದವರ ಮಾತನ್ನು ಹಾಗೇ ಇಟ್ಟು, ನನಗೆ ತಿಳಿದಷ್ಟು ಉತ್ತರ ಕೊಟ್ಟಿದ್ದೇನೆ. ಕಾರ್ಖಾನೆಗಳು ಮೊದಲು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಹಾಗಾಗಿ ಇಲ್ಲಿ ಅಲ್ಲಿನ ಕಥೆಯೇ ಜಾಸ್ತಿ.

## ಮೊದಲ ಮೆಟ್ಟಿಲು

ಪರಿಸರ ಕಾಳಜಿ ಅನ್ನೋದು 1970ರ ಆಚೀಚೆ ಶುರುವಾಗಿದ್ದು ತಾನೇ? ಅದಕ್ಕೂ ಮೊದಲು ಯಾರಿಗೆ ಈ ತಲೆಬಿಸಿ ಇತ್ತು?

ತಲೆಬಿಸಿ ಬಹಳ ಹಳೆಯದು. 1306ರಲ್ಲೇ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಲಂಡನ್ನಿನ ಗೂಡುಗಳಲ್ಲಿ ಕಲ್ಲಿದ್ದಲು ಸುಡಬಾರದೆಂದು ಅಪ್ಪಣೆ ಹೊರಡಿಸಿದ್ದ. ಯಾರೂ ಕೇಳಲಿಲ್ಲ. ಸೌದೆ ದುಬಾರಿಯಾಗುತ್ತಿತ್ತು, ನ್ಯೂಕ್ಯಾಸಲ್ ಕಡೆಯಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲು ಅಗ್ಗವಾಗಿತ್ತು.

1661ರಲ್ಲಿ ಜಾನ್ ಈವ್ಲಿನ್ ಎಂಬಾತ ಲಂಡನ್ನಿನ ಹೊಗೆಯ ಮೇಲೆಯೇ ಒಂದು ಪುಟ್ಟ ಪುಸ್ತಕ ಬರೆದು ದೊರೆ ಎರಡನೇ ಚಾರ್ಲ್ಸ್‌ಗೆ ಒಪ್ಪಿಸಿದ. ಅರಮನೆಯೊಳಗೇ ಹೊಗೆ ನುಗ್ಗಿದ್ದನ್ನು ಕಂಡು ರೇಗಿ ಬರೆದದ್ದು. ಮನೆಗಳ ಒಲೆಯನ್ನು ಅವನು ಅಷ್ಟಾಗಿ ದೂರಲಿಲ್ಲ. ಸುಣ್ಣದ ಗೂಡು, ಬಣ್ಣ ಹಾಕುವವರು, ಸೋಪು ಕಾಯಿಸುವವರು, ಬಿಯರ್ ಭಟ್ಟಿಯವರು, ಇವರೆಲ್ಲ ಹೊಗೆಗೆ ಕಾರಣ ಅಂದ. ಪರಿಹಾರವನ್ನೂ ಹೇಳಿದ: ಇವರನ್ನೆಲ್ಲ ಥೇಮ್ಸ್ ನದಿಯ ಕೆಳಗಿನ ದಿಕ್ಕಿಗೆ, ಊರಿಂದ ಕೆಲವು ಮೈಲಿ ದೂರ ಕಳಿಸಿ, ಊರ ಸುತ್ತ ಮಲ್ಲಿಗೆಯಂಥ ಪರಿಮಳದ ಗಿಡ ನೆಡಿ.

ಆ ಕೆಳಗಿನ ದಿಕ್ಕಿನಲ್ಲೂ ಜನ ಇದ್ದರು, ಅಲ್ವಾ? ಈ ಸಲಹೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ಮುನ್ನೂರು ವರ್ಷ ಇದೇ ಸಲಹೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ.

ಹೊಗೆ ಮೊದಲೂ ಇತ್ತಲ್ಲ, ಕಾರ್ಖಾನೆ ಬಂದಮೇಲೆ ಅಂಥದ್ದೇನು ಬದಲಾಯ್ತು?

ಪ್ರಮಾಣ ಬದಲಾಯಿತು. ಹಬೆ ಯಂತ್ರ ಬಂದಮೇಲೆ ಗಿರಣಿಗಳಿಗೆ ಹರಿಯುವ ನೀರಿನ ಹಂಗು ಉಳಿಯಲಿಲ್ಲ. ಹೊಳೆ ಇದ್ದಲ್ಲಿ ಗಿರಣಿ ಎಂಬ ಕಾಲ ಹೋಗಿ, ಜನ ಮತ್ತು ಕಲ್ಲಿದ್ದಲು ಸಿಗುವಲ್ಲಿ ಗಿರಣಿ ಎಂಬ ಕಾಲ ಬಂತು. ಮ್ಯಾಂಚೆಸ್ಟರ್ ಊರಿನಲ್ಲಿ 1801ರಲ್ಲಿ ಇದ್ದದ್ದು ಸುಮಾರು ಮುಕ್ಕಾಲು ಲಕ್ಷ ಜನ. 1851ಕ್ಕೆ ಅದು 3 ಲಕ್ಷ ದಾಟಿತು. ಮನೆ, ಮೋರಿ, ಕುಡಿಯುವ ನೀರು ಯಾವುದೂ ಆ ವೇಗದಲ್ಲಿ ಬೆಳೆಯಲಿಲ್ಲ.

1842ರಲ್ಲಿ ಎಡ್ವಿನ್ ಚಾಡ್ವಿಕ್ ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಒಂದು ಲೆಕ್ಕ ಇದೆ. ಮ್ಯಾಂಚೆಸ್ಟರಿನ ಕೂಲಿಕಾರರ ಮನೆಗಳಲ್ಲಿ ಸಾಯುವವರ ಸರಾಸರಿ ವಯಸ್ಸು 17. ರಟ್‌ಲ್ಯಾಂಡ್ ಎಂಬ ಹಳ್ಳಿಗಾಡಿನಲ್ಲಿ ಅದೇ ಕೂಲಿಕಾರರ ಸರಾಸರಿ 38. ಇದನ್ನು ಓದಿ 'ಎಲ್ಲರೂ ಹದಿನೇಳಕ್ಕೇ ಸಾಯುತ್ತಿದ್ದರು' ಅಂದುಕೊಳ್ಳಬೇಡಿ. ಎಳೆ ಮಕ್ಕಳು ಲೆಕ್ಕವಿಲ್ಲದಷ್ಟು ಸಾಯುತ್ತಿದ್ದರಿಂದ ಸರಾಸರಿ ಅಷ್ಟು ಕೆಳಗೆ ಕುಸಿಯಿತು. ಇನ್ನೊಂದು ವಿಷಯ: ಮ್ಯಾಂಚೆಸ್ಟರಿನ ಅನುಕೂಲಸ್ಥರ ಸರಾಸರಿಯೂ 38. ಅಂದರೆ ಪಟ್ಟಣದ ಸಾಹುಕಾರನ ಆಯಸ್ಸೂ ಹಳ್ಳಿಯ ಕೂಲಿಯ ಆಯಸ್ಸೂ ಒಂದೇ. ಊರಿನ ಗಾಳಿ ನೀರಿಗೆ ಬೆಲೆ ಇದೆ ಎಂದು ಅಂಕಿ ಹಾಕಿ ತೋರಿಸಿದ ಮೊದಲ ದೊಡ್ಡ ದಾಖಲೆಗಳಲ್ಲಿ ಇದೂ ಒಂದು.

ಆಗಿನವರು 'ಪರಿಸರ' ಅನ್ನೋ ಪದಾನೇ ಬಳಸ್ತಿದ್ರಾ?

ಇಲ್ಲ. ಅವರ ಮಾತೆಲ್ಲ ಹೊಗೆ, ನಾತ, ಉಪದ್ರವ, ಕೆಟ್ಟ ಗಾಳಿ ಇವುಗಳ ಸುತ್ತಲೇ. ಜೀವಿಗಳಿಗೂ ಅವುಗಳ ಸುತ್ತಲಿನದಕ್ಕೂ ಇರುವ ನಂಟನ್ನು ಓದುವ ವಿದ್ಯೆಗೆ 'ಎಕಾಲಜಿ' ಎಂಬ ಹೆಸರು ಕೊಟ್ಟವನು ಜರ್ಮನಿಯ ಅರ್ನ್ಸ್ಟ್ ಹೆಕೆಲ್, 1866ರಲ್ಲಿ. ಆ ಪದ ಚಳವಳಿಗಳ ಬಾಯಿಗೆ ಬರಲು ಇನ್ನೂ ನೂರು ವರ್ಷ ಹಿಡಿಯಿತು. ಪದ ಇರಲಿಲ್ಲ ಎಂದು ಚಿಂತನೆಯೂ ಇರಲಿಲ್ಲ ಅನ್ನುವುದು ತಪ್ಪಾಗುತ್ತದೆ.

ಚಿಮಣಿಯ ಹೊಗೆ ಅಂದ್ರೆ ಆಗ ಜನಕ್ಕೆ ಹೆಮ್ಮೆ ಇತ್ತಂತೆ, ಹೌದಾ?

ಹೌದು. ಹೊಗೆ ನಿಂತರೆ ಕೆಲಸ ನಿಂತಿದೆ ಎಂದರ್ಥ, ಕೂಲಿ ಇಲ್ಲ ಎಂದರ್ಥ. 'ಗಲೀಜು ಇರುವಲ್ಲಿ ದುಡ್ಡು' ಎಂಬ ಗಾದೆಯೇ ಆ ಕಡೆ ಇತ್ತು. ಹೊಗೆ ರೋಗದ ಗಾಳಿಯನ್ನು ಕೊಲ್ಲುತ್ತದೆ, ಒಳ್ಳೆಯದೇ ಎಂದು ವಾದಿಸಿದವರೂ ಇದ್ದರು.

ಆದರೆ ಹೆಮ್ಮೆ ಪಡುವವರು ಬೇರೆ, ಬಟ್ಟೆ ಒಗೆಯುವವರು ಬೇರೆ. ನಮ್ಮ ಹಳೆ ಮನೆಯ ಹತ್ತಿರ ಒಂದು ಅಕ್ಕಿ ಗಿರಣಿ ಇತ್ತು. ಗಾಳಿ ನಮ್ಮ ಕಡೆ ತಿರುಗಿದರೆ ಸಾಕು, ತಂತಿ ಮೇಲೆ ಹರವಿದ ಬಿಳಿ ಪಂಚೆ ಮೇಲೆಲ್ಲ ಕರಿ ಬೂದಿ. ಅಮ್ಮ ಮತ್ತೆ ನೀರು ಸೇದಬೇಕಿತ್ತು. ಆಗಿನ ಇಂಗ್ಲೆಂಡಿನಲ್ಲೂ ಹೊಗೆ ವಿರೋಧಿಗಳು ಇದೇ ಲೆಕ್ಕ ಮುಂದಿಟ್ಟರು: ಮಸಿಯಿಂದ ಒಂದು ಮನೆಗೆ ಹೆಚ್ಚುವ ಸೋಪಿನ ಖರ್ಚು, ಒಗೆಯುವ ಕೂಲಿ ಎಷ್ಟು? 1842ರಲ್ಲೇ ಮ್ಯಾಂಚೆಸ್ಟರಿನಲ್ಲಿ ಹೊಗೆ ತಡೆಯಲು ಒಂದು ಸಂಘ ಹುಟ್ಟಿತ್ತು. 1881ರಲ್ಲಿ ಲಂಡನ್ನಿನಲ್ಲಿ ಹೊಗೆ ಕಡಿಮೆ ಮಾಡುವ ಒಲೆಗಳದೇ ಒಂದು ದೊಡ್ಡ ಪ್ರದರ್ಶನ ನಡೆಯಿತು. ಅದರ ಹಿಂದೆ ನಿಂತವರಲ್ಲಿ ಒಬ್ಬಳು ಬಡವರ ಮನೆಗಳಿಗಾಗಿ ದುಡಿಯುತ್ತಿದ್ದ ಆಕ್ಟೇವಿಯಾ ಹಿಲ್. ಆಕೆಯ ಹೆಸರು ಮುಂದೆ ಮತ್ತೆ ಬರುತ್ತದೆ.

## ಸ್ವಲ್ಪ ಒಳಗೆ

ಕಾರ್ಖಾನೆ ಮಾಲಿನ್ಯಕ್ಕೆ ಕಡಿವಾಣ ಹಾಕಿದ ಮೊದಲ ಗಟ್ಟಿ ಕಾಯ್ದೆ ಯಾವುದು? ಅದು ನಿಜವಾಗ್ಲೂ ಕೆಲಸ ಮಾಡ್ತಾ?

1863ರ ಬ್ರಿಟಿಷ್ ಆಲ್ಕಲಿ ಕಾಯ್ದೆ. ಇದರ ಕಥೆ ಸ್ವಲ್ಪ ಉದ್ದ, ಆದರೆ ಸ್ವಾರಸ್ಯವಾಗಿದೆ.

ಸೋಪು, ಗಾಜು, ಬಟ್ಟೆ ಮೂರಕ್ಕೂ ಸೋಡಾ, ಅಂದರೆ ಆಲ್ಕಲಿ, ಬೇಕು. ಅದನ್ನು ಉಪ್ಪಿನಿಂದ ತಯಾರಿಸುವ ಲೆಬ್ಲಾಂಕ್ ವಿಧಾನ ಫ್ರಾನ್ಸಿನಿಂದ ಬಂತು. ಉಪ್ಪಿಗೆ ಗಂಧಕದ ಆಮ್ಲ ಹಾಕಿ ಕಾಯಿಸಿದರೆ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಏಳುತ್ತದೆ. ಅದನ್ನು ಸೀದಾ ಚಿಮಣಿಯಿಂದ ಹೊರಗೆ ಬಿಡುತ್ತಿದ್ದರು. 8 ಟನ್ ಸೋಡಾಕ್ಕೆ ಐದೂವರೆ ಟನ್ ಈ ಅನಿಲ, ಜೊತೆಗೆ 7 ಟನ್ ಗಂಧಕದ ಕೆಸರು. ಕೆಸರನ್ನು ಊರಾಚೆ ಸುರಿಯುತ್ತಿದ್ದರು. ಮಳೆ ಬಿದ್ದರೆ ಅದರಿಂದ ಕೊಳೆತ ಮೊಟ್ಟೆಯ ನಾತ. ಸೇಂಟ್ ಹೆಲೆನ್ಸ್, ವಿಡ್ನೆಸ್ ಊರುಗಳ ಸುತ್ತ ಮರ ಒಣಗಿದವು, ಬೇಲಿ ಗಿಡ ಸತ್ತವು, ಬೀಗದ ಕೈ ತುಕ್ಕು ಹಿಡಿಯಿತು.

ಮೊದಮೊದಲು ಮಾಲೀಕರು ಕಂಡುಕೊಂಡ ಉಪಾಯ ಎತ್ತರದ ಚಿಮಣಿ. ಗ್ಲಾಸ್ಗೋದಲ್ಲಿ 1842ರಲ್ಲಿ ಕಟ್ಟಿದ ಒಂದು ಚಿಮಣಿ 435 ಅಡಿ ಎತ್ತರವಿತ್ತು. ಕುತುಬ್ ಮಿನಾರ್ ಇರುವುದು ಸುಮಾರು 240 ಅಡಿ. ಇದರಿಂದ ಆದದ್ದಿಷ್ಟೇ: ಹತ್ತಿರದ ಹೊಲದ ಬದಲು ದೂರದ ಹೊಲ ಸುಟ್ಟಿತು. ಈವ್ಲಿನ್ನನ ಸಲಹೆ ನೆನಪಾಯಿತಾ?

1836ರಲ್ಲೇ ವಿಲಿಯಂ ಗಾಸೇಜ್ ಎಂಬಾತ ಬೇರೆ ದಾರಿ ಹುಡುಕಿದ್ದ. ಒಂದು ಗೋಪುರದ ತುಂಬ ಕಡ್ಡಿ ಪುರಳೆ ತುಂಬಿ, ಮೇಲಿಂದ ನೀರು ಇಳಿಸಿ, ಕೆಳಗಿಂದ ಅನಿಲ ಹಾಯಿಸಿದರೆ ಅನಿಲ ನೀರಿನಲ್ಲಿ ಕರಗುತ್ತದೆ. ಸರಿ, ಆ ಆಮ್ಲದ ನೀರನ್ನು ಏನು ಮಾಡಿದರು? ಹಳ್ಳಕ್ಕೆ ಬಿಟ್ಟರು. ಮೀನು ಸತ್ತವು.

ಕೊನೆಗೆ ಕಾಯ್ದೆ ತಂದದ್ದು ಕೂಲಿಕಾರರ ಕೆಮ್ಮಲ್ಲ. ಆ ಭಾಗದ ದೊಡ್ಡ ಜಮೀನ್ದಾರ ಲಾರ್ಡ್ ಡರ್ಬಿ 1862ರಲ್ಲಿ ಸಂಸತ್ತಿನ ಮೇಲ್ಮನೆಯಲ್ಲಿ ವಿಷಯ ಎತ್ತಿದ. ಮರು ವರ್ಷ ಕಾಯ್ದೆ ಬಂತು: ಅನಿಲದಲ್ಲಿ ನೂರಕ್ಕೆ 95 ಪಾಲನ್ನು ತಡೆಯಲೇಬೇಕು. ನೋಡಿಕೊಳ್ಳಲು ಸರಕಾರದ ಇನ್‌ಸ್ಪೆಕ್ಟರ್. ಮೊದಲ ಇನ್‌ಸ್ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್, ರಸಾಯನ ಶಾಸ್ತ್ರಜ್ಞ. ಅವನು ಲಾಠಿ ಬೀಸುವ ಬದಲು ಮಾಲೀಕರ ಜೊತೆ ಕೂತು ಗೋಪುರ ಹೇಗೆ ಸರಿಪಡಿಸಬೇಕೆಂದು ಹೇಳಿಕೊಟ್ಟ. ಕಾರ್ಖಾನೆಗಳು ಬೇಗನೆ ಕಾಯ್ದೆ ಕೇಳಿದ್ದಕ್ಕಿಂತ ಜಾಸ್ತಿಯೇ ಅನಿಲ ತಡೆದವು. ಮುಂದೆ ಆ ಆಮ್ಲದಿಂದಲೇ ಬ್ಲೀಚಿಂಗ್ ಪೌಡರ್ ಮಾಡಿ ಕಾಸು ಮಾಡಿಕೊಂಡರು. ಬಿಸಾಡುತ್ತಿದ್ದುದು ಸರಕಾಯಿತು.

ಆದರೆ ಈ ಕಾಯ್ದೆ ಮುಟ್ಟಿದ್ದು ಒಂದೇ ಉದ್ಯಮದ ಒಂದೇ ಅನಿಲವನ್ನು. ಕಲ್ಲಿದ್ದಲಿನ ಹೊಗೆ, ತಾಮ್ರದ ಕುಲುಮೆಯ ಗಂಧಕ, ಎರಡೂ ಹೊರಗೇ ಉಳಿದವು. 1874ರ ತಿದ್ದುಪಡಿ 'ಕೈಲಾಗುವ ಒಳ್ಳೆಯ ವಿಧಾನ' ಬಳಸಬೇಕು ಎಂಬ ಮಾತು ಸೇರಿಸಿತು. ಕೈಲಾಗುವುದು ಎಷ್ಟು ಎಂದು ಹೇಳುವವರು ಯಾರು ಎಂಬ ಜಗಳ ಅಲ್ಲಿಂದ ಶುರುವಾದದ್ದು ಇವತ್ತಿಗೂ ಮುಗಿದಿಲ್ಲ.

ಆಮ್ಲ ಮಳೆ ಅನ್ನೋದು ನಮ್ಮ ಕಾಲದ ಸಮಸ್ಯೆ ಅಲ್ವಾ?

ಅಲ್ಲ. ಮೇಲೆ ಹೇಳಿದ ಇನ್‌ಸ್ಪೆಕ್ಟರ್ ಸ್ಮಿತ್‌ನೇ 1872ರಲ್ಲಿ ಒಂದು ದಪ್ಪ ಪುಸ್ತಕದಲ್ಲಿ 'ಆಸಿಡ್ ರೈನ್' ಎಂಬ ಪದ ಬಳಸಿದ. ಊರೂರಿನ ಮಳೆ ನೀರು ಹಿಡಿದು ಪರೀಕ್ಷೆ ಮಾಡಿದ್ದ. ಪಟ್ಟಣದ ಮಳೆಯಲ್ಲಿ ಕಲ್ಲಿದ್ದಲಿನ ಗಂಧಕ ಬೆರೆತು ಆಮ್ಲವಾಗಿದೆ, ಅದು ಕಲ್ಲನ್ನೂ ಬಟ್ಟೆಯ ಬಣ್ಣವನ್ನೂ ತಿನ್ನುತ್ತದೆ ಎಂದು ತೋರಿಸಿದ. ಪುಸ್ತಕ ಕಪಾಟಿನಲ್ಲಿ ಉಳಿಯಿತು. ಯುರೋಪಿನ ಕೆರೆಗಳಲ್ಲಿ ಮೀನು ಸಾಯತೊಡಗಿ ಜಗತ್ತು ಈ ಪದವನ್ನು ಮತ್ತೆ ಕೇಳಲು ಸುಮಾರು ನೂರು ವರ್ಷ ಬೇಕಾಯಿತು.

ಥೇಮ್ಸ್ ನದಿಯನ್ನು ಬ್ರಿಟಿಷರು ಅಷ್ಟು ಚೆನ್ನಾಗಿ ಶುದ್ಧ ಮಾಡಿದರಲ್ಲ, ಹೇಗೆ?

ಶುದ್ಧ ಮಾಡಿದ್ದು ಆಮೇಲೆ. ಮೊದಲು ಮಾಡಿದ್ದು ಕೊಳೆಯನ್ನು ದೂರ ಸಾಗಿಸುವ ಕೆಲಸ.

1855ರ ಜುಲೈನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಥೇಮ್ಸ್ ಮೇಲೆ ದೋಣಿಯಲ್ಲಿ ಹೋಗುತ್ತ ಬಿಳಿ ಕಾರ್ಡಿನ ಚೂರುಗಳನ್ನು ಒದ್ದೆ ಮಾಡಿ ನೀರಿಗೆ ಹಾಕಿ ನೋಡಿದ. ಒಂದು ಅಂಗುಲ ಇಳಿಯುವುದರೊಳಗೆ ಚೂರು ಕಾಣದಾಗುತ್ತಿತ್ತು. ಒಳ್ಳೆ ಬಿಸಿಲಿದ್ದಾಗಲೇ ಹೀಗೆ. ಇದನ್ನು ಪತ್ರಿಕೆಗೆ ಬರೆದ. ಯಂತ್ರ ಬೇಡ, ಪ್ರಯೋಗಶಾಲೆ ಬೇಡ, ಒಂದು ಕಾರ್ಡು ಸಾಕು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಇಷ್ಟವಾದ ಪ್ರಯೋಗ ಇದು.

ಮೂರು ವರ್ಷದ ನಂತರ, 1858ರ ಬೇಸಿಗೆಯಲ್ಲಿ, ನದಿಯ ನಾತ ದಡದಲ್ಲೇ ಇದ್ದ ಸಂಸತ್ತಿನ ಒಳಗೆ ಬಂತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರು. ವರ್ಷಗಳಿಂದ ಎಳೆದಾಡುತ್ತಿದ್ದ ಒಳಚರಂಡಿ ಯೋಜನೆಗೆ ಕೆಲವೇ ವಾರದಲ್ಲಿ ಒಪ್ಪಿಗೆ ಸಿಕ್ಕಿತು. ಮೂಗಿಗೆ ಬಡಿಯದೆ ಕಡತ ಕದಲಲಿಲ್ಲ! ಜೋಸೆಫ್ ಬಾಝಲ್ಗೆಟ್ ಕಟ್ಟಿಸಿದ ಆ ದೊಡ್ಡ ಮೋರಿಗಳು ಇಂದಿಗೂ ಬಳಕೆಯಲ್ಲಿವೆ.

ಆದರೆ ಮೋರಿಗಳು ಕೊಳೆಯನ್ನು ಸ್ವಚ್ಛ ಮಾಡುತ್ತಿರಲಿಲ್ಲ. ಲಂಡನ್ನಿನ ಪೂರ್ವಕ್ಕೆ ಒಯ್ದು ಅದೇ ನದಿಗೆ ಬಿಡುತ್ತಿದ್ದವು. 1878ರ ಸೆಪ್ಟೆಂಬರಿನಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರದ ಹಡಗು ಸರಿಯಾಗಿ ಆ ಜಾಗದ ಹತ್ತಿರವೇ ಡಿಕ್ಕಿಯಾಗಿ ಮುಳುಗಿತು. ಸ್ವಲ್ಪ ಹೊತ್ತಿನ ಮೊದಲಷ್ಟೇ ಮೋರಿಯ ಕೊಳೆ ಬಿಟ್ಟಿದ್ದರು. 600ಕ್ಕೂ ಜಾಸ್ತಿ ಜನ ಸತ್ತರು. ಅದಾದ ಮೇಲೆಯೇ ಗಟ್ಟಿ ಕೊಳೆಯನ್ನು ಬೇರ್ಪಡಿಸುವ ಮಾತು ಜೋರಾದದ್ದು.

ಆಗ ಕೆಟ್ಟ ವಾಸನೆಯಿಂದಲೇ ಕಾಲರಾ ಬರುತ್ತೆ ಅಂದ್ಕೊಂಡಿದ್ರಂತಲ್ಲ. ತಪ್ಪು ತಿಳ್ಕೊಂಡು ಸರಿ ಕೆಲಸ ಮಾಡಿದ್ರಾ?

ಹೆಚ್ಚುಕಡಿಮೆ ಹಾಗೇ. 'ಕೆಟ್ಟ ಗಾಳಿಯೇ ರೋಗ' ಎಂಬ ನಂಬಿಕೆ ಎಷ್ಟು ಗಟ್ಟಿಯಿತ್ತೆಂದರೆ, 1854ರಲ್ಲಿ ವೈದ್ಯ ಜಾನ್ ಸ್ನೋ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾಲರಾ ಹರಡಿದ್ದು ಎಂದು ಮನೆಮನೆಯ ಸಾವಿನ ಲೆಕ್ಕ ಇಟ್ಟು ತೋರಿಸಿದರೂ ದೊಡ್ಡವರು ಒಪ್ಪಲಿಲ್ಲ. ನಾತ ಹೋಗಲಾಡಿಸಲು ಮೋರಿ ಕಟ್ಟಿದರು. ಅದರಿಂದ ಕುಡಿಯುವ ನೀರಿಗೆ ಕೊಳೆ ಬೆರೆಯುವುದು ತಪ್ಪಿತು. ಕಾಲರಾ ಇಳಿಯಿತು.

ಹೊಲ, ಮರ ಹಾಳಾದ್ರೆ ಕೋರ್ಟಿಗೆ ಹೋಗಬಹುದಿತ್ತಾ?

ಹೋಗಬಹುದಿತ್ತು, ದುಡ್ಡಿದ್ದರೆ. ಹೆಸರಾದ ಮೊಕದ್ದಮೆ ಟಿಪ್ಪಿಂಗ್ ಎಂಬಾತನದ್ದು. ಸೇಂಟ್ ಹೆಲೆನ್ಸ್ ಹತ್ತಿರ ಬೋಲ್ಡ್ ಹಾಲ್ ಎಂಬ ಎಸ್ಟೇಟ್ ಕೊಂಡ. ಒಂದೂವರೆ ಮೈಲಿ ದೂರದ ತಾಮ್ರದ ಕುಲುಮೆಯ ಹೊಗೆಗೆ ಅವನ ಮರಗಳು ಒಣಗಿದವು. 1865ರಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಮೇಲ್ಮನೆ ಅವನ ಪರ ತೀರ್ಪು ಕೊಟ್ಟಿತು.

ಗೆಲುವು ಎಂದು ಚಪ್ಪಾಳೆ ತಟ್ಟುವ ಮೊದಲು ತೀರ್ಪಿನ ಒಳಗೆ ನೋಡಬೇಕು. ಆಸ್ತಿಗೆ ಕಣ್ಣಿಗೆ ಕಾಣುವ ನಷ್ಟವಾದರೆ ಪರಿಹಾರ ಉಂಟು. ಆದರೆ ಬರೀ ಮೈಗೆ, ಮನಸ್ಸಿಗೆ ಆಗುವ ಕಿರಿಕಿರಿಯಾದರೆ, ನೀವು ಎಂಥ ಜಾಗದಲ್ಲಿ ಇದ್ದೀರಿ ಎಂಬುದನ್ನು ನೋಡಬೇಕು ಎಂದಿತು. ಕಾರ್ಖಾನೆಯ ಊರಿನಲ್ಲಿ ಇರುವವರು ಕಾರ್ಖಾನೆಯ ಗಾಳಿ ಸಹಿಸಬೇಕು. ಹೀಗೆ ಸಾಹುಕಾರನ ಮರಕ್ಕೆ ಪರಿಹಾರ ಸಿಕ್ಕಿತು. ಅದೇ ಹೊಗೆಯಲ್ಲಿ ಬಾಡಿಗೆ ಮನೆಯಲ್ಲಿ ಉಸಿರಾಡುವವನಿಗೆ ಸಿಗಲಿಲ್ಲ.

ಪತಂಗದ ಬಣ್ಣ ಹೊಗೆಯಿಂದ ಬದಲಾಯ್ತು ಅಂತ ಪಠ್ಯದಲ್ಲಿ ಓದಿದ್ದೆ. ಅದೂ ಈ ಕಾಲದ್ದೇನಾ?

ಹೌದು, ಅದೇ ಮ್ಯಾಂಚೆಸ್ಟರ್. ಬಿಳಿ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆ ಇರುವ ಒಂದು ಪತಂಗ. ಅದರ ಕಪ್ಪು ಬಗೆ 1848ರಲ್ಲಿ ಅಲ್ಲಿ ಮೊದಲು ಸಿಕ್ಕಿತು. 1895ರ ಹೊತ್ತಿಗೆ ಅಲ್ಲಿ ಸಿಗುತ್ತಿದ್ದ ನೂರಕ್ಕೆ 98 ಪತಂಗಗಳು ಕಪ್ಪು. ಮಸಿ ಹಿಡಿದ ಮರದ ಮೇಲೆ ಬಿಳಿ ಪತಂಗ ಹಕ್ಕಿಯ ಕಣ್ಣಿಗೆ ಬೀಳುತ್ತದೆ, ಕಪ್ಪು ಉಳಿಯುತ್ತದೆ ಎಂದು 1896ರಲ್ಲಿ ಜೆ. ಡಬ್ಲ್ಯು. ಟಟ್ ಊಹಿಸಿದ. ಹೊಗೆ ಕಡಿಮೆಯಾದ ಮೇಲೆ ಬಿಳಿ ಪತಂಗಗಳು ಮತ್ತೆ ಹೆಚ್ಚಿದವು.

ಕವಿಗಳು, ಕಲಾವಿದರು ಪ್ರಕೃತಿ ಪ್ರಕೃತಿ ಅಂತ ಬರೆದಿದ್ದು ಬರೀ ಹೊಟ್ಟೆ ತುಂಬಿದವರ ಮಾತು ಅಲ್ವಾ?

ಅರ್ಧ ನಿಜ. ವರ್ಡ್ಸ್‌ವರ್ತ್ ಉದಾಹರಣೆ ತಗೊಳ್ಳಿ. ಅವನಿದ್ದ ಸರೋವರ ಸೀಮೆಗೆ 1844ರಲ್ಲಿ ರೈಲು ಹಾಕಲು ಹೊರಟಾಗ ಪತ್ರಿಕೆಗೆ ಕಾಗದ ಬರೆದು ವಿರೋಧಿಸಿದ. ಗಿರಣಿ ಕೆಲಸಗಾರರನ್ನು ಗಾಡಿ ತುಂಬ ತಂದು ಇಳಿಸಿದರೆ ಅವರಿಗೂ ಲಾಭವಿಲ್ಲ, ಜಾಗವೂ ಕೆಡುತ್ತದೆ ಎಂಬುದು ಅವನ ವಾದದ ಒಂದು ಭಾಗ. ಇದನ್ನು ಓದಿದರೆ ಇವತ್ತಿಗೂ ಮುಖ ಕೆಂಪಾಗುತ್ತದೆ. ಅದೇ ಮನುಷ್ಯ ಆ ಸೀಮೆಯನ್ನು ಇಡೀ ದೇಶದ ಆಸ್ತಿ ಎಂಬಂತೆ ಕಾಣಬೇಕು ಎಂದೂ ಬರೆದಿದ್ದ. ರೈಲು 1847ರಲ್ಲಿ ಬಂದೇ ಬಂತು.

1870ರ ದಶಕದ ಕೊನೆಯಲ್ಲಿ ಮ್ಯಾಂಚೆಸ್ಟರ್ ನಗರಸಭೆ ಅಲ್ಲಿನ ಥರ್ಲ್‌ಮಿಯರ್ ಸರೋವರಕ್ಕೆ ಅಣೆಕಟ್ಟು ಕಟ್ಟಿ ನೀರು ಒಯ್ಯಲು ಹೊರಟಿತು. ವಿರೋಧಿಗಳು ಸೋತರು, 1894ರಲ್ಲಿ ನೀರು ಮ್ಯಾಂಚೆಸ್ಟರ್ ಮುಟ್ಟಿತು. ಇಲ್ಲಿ ಯಾರು ಸರಿ? ಮ್ಯಾಂಚೆಸ್ಟರಿನ ಕೂಲಿಕಾರರಿಗೆ ಒಳ್ಳೆ ನೀರು ಬೇಕಿತ್ತು. ಕಣಿವೆಯವರ ಮನೆ ಮುಳುಗಿತು. ನನಗೆ ಇದರಲ್ಲಿ ಸುಲಭದ ಉತ್ತರ ಸಿಕ್ಕಿಲ್ಲ. ಆದರೆ ಆ ಸೋಲಿನಲ್ಲಿ ಪಾಠ ಕಲಿತವರು, ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್, ಪಾದ್ರಿ ರಾನ್ಸ್‌ಲಿ, ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದರು. ಜಾಗ ಉಳಿಸಬೇಕೆಂದರೆ ಜಾಗವನ್ನೇ ಕೊಂಡು ಸಾರ್ವಜನಿಕರಿಗೆ ಬಿಡಬೇಕು ಎಂಬುದು ಅವರ ಲೆಕ್ಕ.

ವಿಲಿಯಂ ಮಾರಿಸ್‌ನ ಕಥೆ ಇನ್ನೂ ಕಹಿ. ಹೂ ಬಳ್ಳಿಯ ಗೋಡೆ ಕಾಗದಗಳಿಗೆ ಹೆಸರಾದವನು, ಕಾರ್ಖಾನೆಯ ಕುರೂಪದ ವಿರುದ್ಧ ಬರೆದವನು. ಅವನ ಮನೆಯ ಸಂಪತ್ತು ಬಂದದ್ದು ಡೆವನ್ ಪ್ರಾಂತದ ಒಂದು ಗಣಿಯ ಷೇರಿನಿಂದ. ತಾಮ್ರ ಮುಗಿದ ಮೇಲೆ ಆ ಗಣಿ ಆರ್ಸೆನಿಕ್ ವಿಷ ತೆಗೆಯುವುದರಲ್ಲಿ ಮುಂದಿತ್ತು. ಅವನ ಮೊದಮೊದಲ ಗೋಡೆ ಕಾಗದಗಳ ಹಸಿರಿನಲ್ಲೂ ಆರ್ಸೆನಿಕ್ ಇತ್ತು. ಮುಂದೆ ಷೇರು ಮಾರಿದ.

## ಇನ್ನೂ ಆಳಕ್ಕೆ

ಕಲ್ಲಿದ್ದಲು ಮುಗಿದುಹೋಗುತ್ತೆ ಅಂತ ಆಗ ಯಾರಾದ್ರೂ ಹೆದರಿದ್ರಾ?

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಹೆದರಿದ. 1865ರಲ್ಲಿ ಕಲ್ಲಿದ್ದಲಿನ ಮೇಲೆಯೇ ಒಂದು ಪುಸ್ತಕ ಬರೆದ. ಬಳಕೆ ಆಗಿನ ವೇಗದಲ್ಲೇ ಏರುತ್ತ ಹೋದರೆ 1961ರ ಹೊತ್ತಿಗೆ ಬ್ರಿಟನ್ನಿಗೆ ವರ್ಷಕ್ಕೆ 260 ಕೋಟಿ ಟನ್ ಬೇಕಾಗುತ್ತದೆ, ಅಷ್ಟು ತೆಗೆಯಲು ಆಗುವುದೇ ಇಲ್ಲ ಅಂದ. ಸಂಸತ್ತಿನಲ್ಲೂ ಇದು ಚರ್ಚೆಯಾಯಿತು. ನಿಜದಲ್ಲಿ ಅಲ್ಲಿನ ಉತ್ಪಾದನೆ 1913ರಲ್ಲಿ 28.7 ಕೋಟಿ ಟನ್ನಿಗೆ ಏರಿ ಅಲ್ಲಿಂದ ಇಳಿಯಿತು. ಕಲ್ಲಿದ್ದಲಿನ ಜಾಗಕ್ಕೆ ಎಣ್ಣೆ ಬರುತ್ತದೆ ಎಂದು ಅವನು ನಂಬಲಿಲ್ಲ.

ಲೆಕ್ಕ ತಪ್ಪಾದರೂ ಒಂದು ಒಳನೋಟ ಉಳಿಯಿತು. ಕಡಿಮೆ ಕಲ್ಲಿದ್ದಲು ತಿನ್ನುವ ಯಂತ್ರ ಬಂದರೆ ಒಟ್ಟು ಕಲ್ಲಿದ್ದಲು ಉಳಿಯುತ್ತದೆ ಅಂತ ಎಲ್ಲರೂ ನಂಬಿದ್ದರು. ಜೆವನ್ಸ್ ಉಲ್ಟಾ ಹೇಳಿದ: ಯಂತ್ರ ಓಡಿಸುವುದು ಅಗ್ಗವಾದರೆ ಇನ್ನೂ ಹತ್ತು ಕಡೆ ಯಂತ್ರ ಇಡುತ್ತಾರೆ, ಒಟ್ಟು ಬಳಕೆ ಏರುತ್ತದೆ. ಕಡಿಮೆ ಕರೆಂಟಿನ ಬಲ್ಬು ಬಂದಮೇಲೆ ನಮ್ಮ ಮನೆಗಳಲ್ಲಿ ಬಲ್ಬುಗಳ ಸಂಖ್ಯೆ ಎಷ್ಟಾಯಿತು ಎಂದು ಎಣಿಸಿ ನೋಡಿ.

ಒಂದು ತಮಾಷೆ: ಕಾಗದವೂ ಮುಗಿದುಹೋಗಬಹುದೆಂಬ ಭಯದಲ್ಲಿ ಅವನು ಮನೆಯಲ್ಲಿ ಎಷ್ಟು ಕಾಗದ ಕೂಡಿಟ್ಟಿದ್ದನೆಂದರೆ, ಸತ್ತು ಐವತ್ತು ವರ್ಷವಾದರೂ ಮಕ್ಕಳಿಗೆ ಅದನ್ನು ಬಳಸಿ ಮುಗಿಸಲು ಆಗಿರಲಿಲ್ಲ. ಈ ಮಾತು ಹೇಳಿದ್ದು ಅರ್ಥಶಾಸ್ತ್ರಜ್ಞ ಕೇನ್ಸ್.

ಕಾಡಿನ ಬಗ್ಗೆ ಚಿಂತೆ ಎಲ್ಲಿ ಶುರುವಾಯ್ತು? ನಮ್ಮ ಮಲೆನಾಡಿಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಅದೂ ನೇರ ಸಂಬಂಧ. ಸ್ವಲ್ಪ ಹಿಂದಿನಿಂದ ಬರೋಣ.

ಜರ್ಮನಿಯ ಸ್ಯಾಕ್ಸನಿಯಲ್ಲಿ ಬೆಳ್ಳಿ ಗಣಿಗಳಿಗೆ ಸೌದೆ, ದಿಮ್ಮಿ ಸಾಲದೆ ಬಂತು. ಅಲ್ಲಿನ ಗಣಿ ಅಧಿಕಾರಿ ಕಾರ್ಲೊವಿಟ್ಜ್ 1713ರಲ್ಲಿ, ಬೆಳೆಯುವಷ್ಟೇ ಕಡಿಯಬೇಕು, ಕಾಡು ಬಾಳಿಕೆ ಬರುವಂತೆ ಬಳಸಬೇಕು ಎಂದು ಬರೆದ. ಫ್ರೆಂಚರ ಕೈಲಿದ್ದ ಮಾರಿಷಸ್ ದ್ವೀಪದಲ್ಲಿ ಪಿಯೆರ್ ಪ್ವಾವ್ರ್ 1769ರಲ್ಲಿ, ಪ್ರತಿ ಹಿಡುವಳಿಯ ಕಾಲು ಭಾಗ, ಅದರಲ್ಲೂ ಇಳಿಜಾರು, ಕಾಡಾಗಿಯೇ ಇರಬೇಕೆಂದು ನಿಯಮ ತಂದ. ಕಾಡು ಹೋದರೆ ಮಳೆ ಹೋಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. 1800ರಲ್ಲಿ ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ವೆನಿಜುವೆಲಾದ ವಾಲೆನ್ಸಿಯಾ ಸರೋವರ ಬತ್ತುತ್ತಿರುವುದನ್ನು ಕಂಡು, ಸುತ್ತಲ ಗುಡ್ಡದ ಮರ ಕಡಿದದ್ದೇ ಕಾರಣ ಅಂದ.

ಈ ವಿಚಾರಗಳೆಲ್ಲ ಸುತ್ತಿ ಸುಳಿದು ಶಿವಮೊಗ್ಗಕ್ಕೆ ಬಂದವು. ಹ್ಯೂ ಕ್ಲೆಘಾರ್ನ್ ಎಂಬ ವೈದ್ಯ ಹುಟ್ಟಿದ್ದು ಮದರಾಸಿನಲ್ಲಿ, 1820ರಲ್ಲಿ. 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದ. ಆಗಿನ ವೈದ್ಯರು ಗಿಡಮೂಲಿಕೆಯನ್ನೂ ಓದಬೇಕಿತ್ತು, ಹಾಗಾಗಿ ಕಾಡು ಅವನಿಗೆ ಪಾಠಶಾಲೆಯಾಯಿತು. 1851ರಲ್ಲಿ ಅವನ ಮುಂದಾಳತ್ವದ ಸಮಿತಿ ಬ್ರಿಟನ್ನಿನ ವಿಜ್ಞಾನಿಗಳ ಸಭೆಯ ಮುಂದೆ ಉಷ್ಣವಲಯದ ಕಾಡು ನಾಶವಾದರೆ ಏನಾಗುತ್ತದೆ ಎಂಬ ವರದಿ ಇಟ್ಟಿತು. 1856ರಲ್ಲಿ ಅವನೇ ಮದರಾಸು ಪ್ರಾಂತದ ಮೊದಲ ಅರಣ್ಯ ಸಂರಕ್ಷಕನಾದ.

ಆ ಹೊತ್ತಿಗೆ ರೈಲು ಬಂದಿತ್ತು. ಒಂದು ಮೈಲಿ ಹಳಿಗೆ ಹತ್ತಿರ ಹತ್ತಿರ ಎರಡು ಸಾವಿರ ಮರದ ಸ್ಲೀಪರ್ ಬೇಕು, ಅವೂ ಕೆಲವೇ ವರ್ಷದಲ್ಲಿ ಹಾಳಾಗುತ್ತಿದ್ದವು. ಜೊತೆಗೆ ಎಂಜಿನ್ನಿಗೆ ಸೌದೆ, ಹಡಗಿಗೆ ಸಾಗುವಾನಿ. ಇಷ್ಟಿದ್ದರೂ ಕ್ಲೆಘಾರ್ನ್ ಮತ್ತವನ ಸಂಗಡಿಗರ ಕಣ್ಣು ಮೊದಲು ಬಿದ್ದದ್ದು ಕುಮರಿ ಬೇಸಾಯದ ಮೇಲೆ. ಗುಡ್ಡದ ತುಂಡೊಂದನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಮತ್ತೆ ಕಾಡು ಬೆಳೆಯಲು ಬಿಟ್ಟು ಮುಂದೆ ಹೋಗುವವರ ಬೇಸಾಯ ಅದು. ಅದಕ್ಕೆ ಕಡಿವಾಣ ಬಿತ್ತು. ಸ್ಲೀಪರಿಗೆ ಬೀಳಲಿಲ್ಲ.

1865 ಮತ್ತು 1878ರ ಅರಣ್ಯ ಕಾಯ್ದೆಗಳ ನಂತರ ಸೌದೆ, ಸೊಪ್ಪು, ದನ ಮೇಯಿಸುವುದು ಎಲ್ಲವೂ ಹಕ್ಕಾಗಿದ್ದುದು ಸರಕಾರ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂತಾಯಿತು. ಅಡಿಕೆ ತೋಟದವರ ಸೊಪ್ಪಿನ ಬೆಟ್ಟದ (ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಗುಡ್ಡ) ತಕರಾರುಗಳ ಬೇರು ಇಲ್ಲಿದೆ. 1930ರಲ್ಲಿ ಉತ್ತರ ಕನ್ನಡದ ಜನ ಕಾಡಿನ ಕಾನೂನು ಮುರಿದು ಸತ್ಯಾಗ್ರಹ ಮಾಡಿದ್ದೂ ಸುಮ್ನೆ ಅಲ್ಲ. ಕ್ಲೆಘಾರ್ನ್ ಕೆಟ್ಟವನಾಗಿದ್ದ ಎಂದು ನನಗೆ ಅನಿಸುವುದಿಲ್ಲ. ಕಾಡು, ಮಳೆ, ಮಣ್ಣಿನ ನಂಟಿನ ಬಗ್ಗೆ ಅವನ ಆತಂಕ ನಿಜವಾದದ್ದು. ಆದರೆ ಆ ಆತಂಕದ ಬೆಲೆ ತೆತ್ತವರು ಕುಮರಿಯವರು.

ಬಡವರು, ಕೂಲಿಯವರು, ರೈತರು ಸುಮ್ನೆ ಸಹಿಸ್ಕೊಂಡಿದ್ರಾ?

ಇಲ್ಲ. ಎರಡು ಘಟನೆ ಹೇಳುತ್ತೇನೆ. ಇವು ನಮ್ಮಲ್ಲಿ ಕಡಿಮೆ ಜನಕ್ಕೆ ಗೊತ್ತು.

ಸ್ಪೇನಿನ ರಿಯೋ ಟಿಂಟೋದಲ್ಲಿ ಬ್ರಿಟಿಷ್ ಕಂಪನಿಯೊಂದು ತಾಮ್ರದ ಅದಿರನ್ನು ಬಯಲಿನಲ್ಲೇ ರಾಶಿ ಹಾಕಿ ತಿಂಗಳುಗಟ್ಟಲೆ ಸುಡುತ್ತಿತ್ತು. ಗಂಧಕದ ಹೊಗೆ ಕೆಳಗಿಳಿದು ಕವಿದ ದಿನಕ್ಕೆ ಅಲ್ಲಿಯವರು 'ಕಂಬಳಿ' ಎಂದೇ ಕರೆಯುತ್ತಿದ್ದರು. ಕಂಬಳಿಯ ದಿನ ಕೆಲಸ ನಿಲ್ಲುತ್ತಿತ್ತು, ಕೂಲಿ ಕಡಿತವಾಗುತ್ತಿತ್ತು. ರೈತರ ಬೆಳೆಯೂ ಸುಡುತ್ತಿತ್ತು. 1888ರ ಫೆಬ್ರವರಿ 4ರಂದು ಗಣಿ ಕೆಲಸಗಾರರು, ರೈತರು, ಹೆಂಗಸರು ಮಕ್ಕಳು ವಾದ್ಯ ಬಾರಿಸುತ್ತ ಊರ ಚೌಕದಲ್ಲಿ ಸೇರಿದರು. ಸೈನ್ಯ ಗುಂಡು ಹಾರಿಸಿತು, ಹಲವರು ಸತ್ತರು. ಅದೇ ತಿಂಗಳು ಸರಕಾರ ಬಯಲಿನಲ್ಲಿ ಸುಡುವುದಕ್ಕೆ ನಿಷೇಧ ಹಾಕಿತು. ಮೂರು ವರ್ಷ ತುಂಬುವ ಮೊದಲೇ ಆ ನಿಷೇಧ ರದ್ದಾಯಿತು.

ಜಪಾನಿನಲ್ಲಿ ಆಶಿಯೋ ತಾಮ್ರದ ಗಣಿ. 1877ರಲ್ಲಿ ಫುರುಕಾವಾ ಎಂಬ ಉದ್ಯಮಿಯ ಕೈಗೆ ಬಂತು. ಗಣಿಯ ವಿಷ ವತರಾಸೆ ನದಿಗೆ ಸೇರಿ ಮೀನು ಸತ್ತವು, ನೆರೆ ಬಂದಾಗ ಗದ್ದೆಗಳೂ ಹಾಳಾದವು. ಆ ಭಾಗದ ಜನಪ್ರತಿನಿಧಿ ತನಕಾ ಶೋಜೋ 1891ರಿಂದ ಸಂಸತ್ತಿನಲ್ಲಿ ಒಂದೇ ಪ್ರಶ್ನೆಯನ್ನು ವರ್ಷ ವರ್ಷವೂ ಕೇಳಿದ. ರೈತರು ಟೋಕಿಯೋಗೆ ನಡೆದು ಹೋದರು, ಪೊಲೀಸರು ಹೊಡೆದರು. 1901ರಲ್ಲಿ ತನಕಾ ಸಂಸತ್ ಸ್ಥಾನ ಬಿಟ್ಟು, ಚಕ್ರವರ್ತಿಯ ಸಾರೋಟಿನ ಎದುರಿಗೇ ಅರ್ಜಿ ಹಿಡಿದು ಓಡಿದ. ಹಿಡಿದು, ಹುಚ್ಚ ಎಂದು ಬಿಟ್ಟುಬಿಟ್ಟರು. ಸರಕಾರ ಕಂಡುಕೊಂಡ ಪರಿಹಾರ ಯಾವುದು ಗೊತ್ತಾ? ವಿಷದ ನೆರೆ ತಡೆಯಲು ಕೆಳಗಿನ ಯನಾಕಾ ಹಳ್ಳಿಯನ್ನೇ ಖಾಲಿ ಮಾಡಿಸಿ ನೀರು ನಿಲ್ಲಿಸುವ ಜಾಗ ಮಾಡಿತು. 1907ರಲ್ಲಿ, ಬಿಟ್ಟು ಹೋಗದೆ ಉಳಿದವರ ಮನೆ ಕೆಡವಿದರು. ತನಕಾ ಆ ಹಳ್ಳಿಗೇ ಹೋಗಿ ನೆಲೆಸಿದ್ದ.

ಗಾಂಧೀಜಿ ಯಂತ್ರ ವಿರೋಧಿಸಿದ್ದಕ್ಕೂ ಈ ಇಂಗ್ಲೆಂಡಿನವರಿಗೂ ನಂಟಿದೆಯಾ?

ಒಂದು ಎಳೆ ಖಂಡಿತ ಇದೆ, ಅದು ಇಂಗ್ಲೆಂಡಿನ ಬರಹಗಾರ ಜಾನ್ ರಸ್ಕಿನ್. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ರೈಲಿನಲ್ಲಿ ಹೋಗುವಾಗ ಗಾಂಧಿ ರಸ್ಕಿನ್ನನ ಒಂದು ಪುಸ್ತಕ ಓದಿದರು. ರಾತ್ರಿಯಿಡೀ ನಿದ್ದೆ ಬರಲಿಲ್ಲವಂತೆ. ಆಮೇಲೆ ಫೀನಿಕ್ಸ್ ಆಶ್ರಮ ಕಟ್ಟಿದರು. 1908ರಲ್ಲಿ ಅದನ್ನು 'ಸರ್ವೋದಯ' ಎಂದು ಗುಜರಾತಿಗೆ ತಂದರು. ಆ ಪುಸ್ತಕ ಹೊಗೆಯ ಮೇಲಲ್ಲ, ಸಂಪತ್ತು ಎಂದರೇನು ಎಂಬುದರ ಮೇಲೆ.

ಹೊಗೆಯ ಬಗ್ಗೆ ರಸ್ಕಿನ್ ಮಾತಾಡಿದ್ದು 1884ರ ಉಪನ್ಯಾಸಗಳಲ್ಲಿ. ಆಕಾಶವೇ ಬದಲಾಗಿದೆ, ಒಂದು ಹೊಸ ಬಗೆಯ ಕೊಳಕು ಮೋಡ, ಪ್ಲೇಗಿನಂಥ ಗಾಳಿ ಬಂದಿದೆ ಅಂದ. ಪತ್ರಿಕೆಗಳು ನಕ್ಕವು. ಅವನ ಮನಸ್ಸು ಆಗ ಕೆಟ್ಟಿದ್ದದ್ದೂ ನಿಜ. ಆದರೆ ದಶಕಗಳ ಕಾಲ ದಿನವೂ ಆಕಾಶ ನೋಡಿ ಚಿತ್ರ ಬರೆದು ಟಿಪ್ಪಣಿ ಇಟ್ಟ ಕಣ್ಣು ಅದು.

ಭೂಮಿ ಬಿಸಿಯಾಗುತ್ತೆ ಅಂತ ಆಗಲೇ ಗೊತ್ತಿತ್ತು ಅಂತಾರೆ. ನಿಜಾನಾ?

ತತ್ವ ಗೊತ್ತಿತ್ತು, ಭಯ ಇರಲಿಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟಳು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಹೆಚ್ಚು ಕಾದಿತು, ನಿಧಾನ ಆರಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಿದ್ದರೆ ಭೂಮಿ ಬೆಚ್ಚಗಿರುತ್ತಿತ್ತು ಎಂದು ಬರೆದಳು. ಅವಳ ಪ್ರಬಂಧವನ್ನು ಸಭೆಯಲ್ಲಿ ಓದಿದ್ದು ಒಬ್ಬ ಗಂಡಸು. 1859ರಲ್ಲಿ ಜಾನ್ ಟಿಂಡಲ್ ಇನ್ನೂ ಕರಾರುವಾಕ್ಕಾಗಿ ಅಳೆದ. 1896ರಲ್ಲಿ ಸ್ವೀಡನ್ನಿನ ಅರೇನಿಯಸ್, ಈ ಅನಿಲ ಎರಡರಷ್ಟಾದರೆ ಭೂಮಿ 5ರಿಂದ 6 ಡಿಗ್ರಿ ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕಿದ. ಆದರೆ ಅವನಿಗೆ ಅದು ಒಳ್ಳೆ ಸುದ್ದಿ! ಚಳಿಯ ದೇಶದವನು, ಪಾಪ. ಬೆಳೆ ಚೆನ್ನಾಗಿ ಬರುತ್ತದೆ, ಮುಂದಿನವರು ಸುಖವಾಗಿರುತ್ತಾರೆ ಎಂದೇ ಅವನ ಎಣಿಕೆ.

ಇಷ್ಟೆಲ್ಲ ತಿಳಿದಿತ್ತು, ಕಾಯ್ದೆಗಳೂ ಇದ್ವು. ಮತ್ತೆ 1952ರಲ್ಲಿ ಲಂಡನ್ನಿನಲ್ಲಿ ಹೊಗೆಗೆ ಸಾವಿರಾರು ಜನ ಸತ್ತಿದ್ದು ಹೇಗೆ?

ಮೊದಲ ಕಾರಣ, ಕಾಯ್ದೆಗಳಿಗೆ ಹಲ್ಲಿರಲಿಲ್ಲ. 1853ರಿಂದಲೇ ಲಂಡನ್ನಿಗೆ ಹೊಗೆ ಕಾಯ್ದೆ ಇತ್ತು. ಆದರೆ ಇಂಥ ಕಾಯ್ದೆಗಳಲ್ಲಿ 'ಸಾಧ್ಯವಾದ ಮಟ್ಟಿಗೆ' ಎಂಬ ಬಾಗಿಲು ತೆರೆದೇ ಇರುತ್ತಿತ್ತು. ಗಿರಣಿ ಊರುಗಳಲ್ಲಿ ದಂಡ ಹಾಕುವ ಮ್ಯಾಜಿಸ್ಟ್ರೇಟರಲ್ಲಿ ಗಿರಣಿ ಮಾಲೀಕರೂ ಇರುತ್ತಿದ್ದರು. ಹಾಕಿದ ದಂಡವೂ ಒಲೆ ಬದಲಿಸುವ ಖರ್ಚಿಗಿಂತ ಅಗ್ಗ.

ಎರಡನೆಯದು, ಮನೆಯ ಒಲೆ. ಲಂಡನ್ನಿನ ಹೊಗೆಯ ದೊಡ್ಡ ಪಾಲು ಬರುತ್ತಿದ್ದುದು ಲಕ್ಷಾಂತರ ಮನೆಗಳ ಬೆಂಕಿಗೂಡಿನಿಂದ. ಅಂಗಳಕ್ಕಿಂತ ಒಳಗೆ ಬರಲು ಯಾವ ಸರಕಾರಕ್ಕೂ ಧೈರ್ಯ ಇರಲಿಲ್ಲ. ಮನೆಯ ಬೆಂಕಿ ಎಂದರೆ ಅಲ್ಲಿ ಸಂಸಾರದ ಗುರುತು. ಹೊಗೆಗೂ ಮಂಜಿಗೂ ಸೇರಿ 1905ರಲ್ಲಿ 'ಸ್ಮಾಗ್' ಎಂಬ ಹೆಸರು ಹುಟ್ಟಿತೇ ಹೊರತು ಒಲೆ ಬದಲಾಗಲಿಲ್ಲ.

1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿ ಅಲುಗಾಡಲಿಲ್ಲ. ದನಗಳ ಪ್ರದರ್ಶನಕ್ಕೆ ಬಂದಿದ್ದ ದನಗಳು ಉಸಿರು ಕಟ್ಟಿ ಸತ್ತವು. ನಾಟಕ ಮಂದಿರದ ಒಳಗೂ ಹೊಗೆ ತುಂಬಿ, ರಂಗ ಕಾಣದೆ ಆಟ ಅರ್ಧಕ್ಕೇ ನಿಂತಿತು. ಮೊದಲ ಲೆಕ್ಕದಲ್ಲೇ ಸುಮಾರು 4000 ಜನ ಸತ್ತಿದ್ದರು. ಈಚಿನ ಅಂದಾಜುಗಳು ಅದಕ್ಕಿಂತ ಬಹಳ ಜಾಸ್ತಿ. ಸರಕಾರ ಮೊದಲು ಫ್ಲೂ ಜ್ವರದ ಮೇಲೆ ಹಾಕಲು ನೋಡಿತು.

1956ರ ಶುದ್ಧ ಗಾಳಿ ಕಾಯ್ದೆ ಬೇರೆ ದಾರಿ ಹಿಡಿಯಿತು. ಹೊಗೆಯನ್ನು ಇನ್ನೆಲ್ಲಿಗೋ ಕಳಿಸುವ ಮಾತೊಂದೇ ಆಡಲಿಲ್ಲ. ಇಂತಿಂಥ ಬೀದಿಗಳಲ್ಲಿ ಹೊಗೆ ಬರುವ ಕಲ್ಲಿದ್ದಲು ಉರಿಸಬಾರದು ಎಂದು ನಗರಸಭೆಗಳು ಗೆರೆ ಎಳೆಯಬಹುದಾಯಿತು. ಅಂಥ ಬೀದಿಯ ಮನೆಯವರು ಒಲೆ ಬದಲಿಸಿದರೆ ಆ ಖರ್ಚಿನಲ್ಲಿ ಹತ್ತಕ್ಕೆ ಏಳು ಪಾಲು ಸರಕಾರ ಮತ್ತು ನಗರಸಭೆ ಕೊಟ್ಟವು, ಮೂರು ಪಾಲು ಮನೆಯವರದು.